ಚೆಲ್ಲಿದ ತೆಳಿ

ಈಗ ಫಾರ್ಮಸಿಸ್ಟ್ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಕಂಪೌಂಡರ್ ಎನ್ನುತ್ತಿದ್ದರು. ಡಾಕ್ಟರರು ಚೀಟಿ ಬರೆಯುತ್ತಿದ್ದರು, ನಾವು ಮದ್ದು ಕಲಸಿ ಕೊಡುತ್ತಿದ್ದೆವು. ನನ್ನ ತಮ್ಮನ ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. "ದೊಡ್ಡಪ್ಪ, ನಿಮ್ಮ ಅನುಭವ ಬರೆದುಕೊಡಿ, ನಮ್ಮಂಥವರಿಗೆ ಉಪಯೋಗ ಆಗ್ತದೆ" ಎಂದಳು. ಉಪಯೋಗ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಬರೆದರೆ ನನ್ನ ಎದೆಯ ಭಾರ ಕಡಿಮೆಯಾಗುತ್ತದೆ ಎಂಬ ಆಸೆಯೂ ನನಗಿಲ್ಲ. ಬೆಳ್ತಂಗಡಿಯಲ್ಲಿ ಕೆಲಸಕ್ಕೆ ಸೇರಿದೆ, ಬಂಟ್ವಾಳದಲ್ಲಿ ಕೆಟ್ಟೆ, ಮೂಡಬಿದ್ರೆಯಲ್ಲಿ ನಿವೃತ್ತನಾದೆ. ನಡುವೆ ಒಂದು ಬಡ್ತಿಯೂ ಸಿಕ್ಕಿತ್ತು. ಅದರಿಂದ ಯಾರ ಹೊಟ್ಟೆನೋವೂ ವಾಸಿಯಾಗಲಿಲ್ಲವಾದ್ದರಿಂದ ಅದರ ಕಥೆ ಇಲ್ಲಿ ಬೇಡ.

ನಾನು ಸೇರಿದಾಗ ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿತ್ತು. ಬೆಳ್ತಂಗಡಿಯ ಡಿಸ್ಪೆನ್ಸರಿ ಎಂದರೆ ಹಂಚಿನ ಮಾಡಿನ ಒಂದು ಕಟ್ಟಡ, ಮುಂದೊಂದು ಜಗಲಿ, ಒಳಗೆ ಡಾಕ್ಟರರ ಕೋಣೆ, ಅದರ ಪಕ್ಕದಲ್ಲಿ ನನ್ನ ಮದ್ದಿನ ಕೋಣೆ. ಮಾತ್ರೆಗಳು ಆಗ ಕಡಿಮೆ. ಹೆಚ್ಚಿನದೆಲ್ಲ ನೀರು ಮದ್ದು. ಅಜೀರ್ಣಕ್ಕೆ ಸೋಡಾಪುಡಿ ಬೆರೆಸಿದ ಖಾರದ ನೀರು, ಭೇದಿಗೆ ಸೀಮೆಸುಣ್ಣದ ಪುಡಿ ಕಲಸಿದ ಬಿಳಿ ನೀರು, ಮಲಬದ್ಧತೆಗೆ ಹರಳೆಣ್ಣೆ. ರೋಗಿಗಳು ಬಾಟ್ಲಿ ಮನೆಯಿಂದಲೇ ತರಬೇಕು. ಸೀಮೆಎಣ್ಣೆಯ ಬಾಟ್ಲಿ, ಬ್ರಾಂಡಿ ಬಾಟ್ಲಿ ಎಲ್ಲವೂ ಬರುತ್ತಿದ್ದವು. ತೊಳೆದು ಮದ್ದು ತುಂಬಿಸಿ, ಕಾಗದದ ಪಟ್ಟಿಗೆ ಗರಗಸದ ಹಲ್ಲಿನ ಹಾಗೆ ಕಚ್ಚು ಮಾಡಿ ಬಾಟ್ಲಿಗೆ ಅಂಟಿಸುತ್ತಿದ್ದೆ. ಒಂದು ಹಲ್ಲು ಎಂದರೆ ಒಂದು ಹೊತ್ತಿನ ಮದ್ದು. ಒಬ್ಬ ಅಜ್ಜ ಮದ್ದನ್ನು ಕುಡಿಯದೆ ಆ ಕಾಗದವನ್ನೇ ಬಿಡಿಸಿ ಹೊತ್ತಿಗೊಂದು ಹಲ್ಲಿನಂತೆ ನುಂಗಿದ್ದರು. ಮೂರು ದಿನ ಬಿಟ್ಟು ಬಂದು ಗುಣ ಉಂಟು ಎಂದರು. ಅಜ್ಜನ ಹೊಟ್ಟೆ ನನ್ನ ಮದ್ದಿಗಿಂತ ಗಟ್ಟಿ ಇತ್ತು.

ನಮ್ಮ ಡಾಕ್ಟರರು ಮಹಾ ಸಿಡುಕರು. ಆದರೆ ಕಲಿಸುವುದರಲ್ಲಿ ಜಿಪುಣತನ ಇರಲಿಲ್ಲ. ಮದ್ದಿನ ಕೋಣೆಯ ಗೋಡೆಯಲ್ಲಿ ಮನುಷ್ಯನ ಜೀರ್ಣಾಂಗಗಳ ದೊಡ್ಡ ಚಿತ್ರವೊಂದನ್ನು ತಾವೇ ಬರೆದು ತೂಗುಹಾಕಿದ್ದರು. ಸೇರಿದ ವಾರದಲ್ಲೇ ಒಂದು ಮಧ್ಯಾಹ್ನ ನನ್ನ ಬುತ್ತಿ ತೆಗೆಸಿ, "ಒಂದು ತುತ್ತು ಬರೀ ಅನ್ನ ಬಾಯಿಗೆ ಹಾಕು. ಜಗಿ. ನಾನು ಹೇಳುವವರೆಗೆ ನುಂಗಬೇಡ" ಎಂದರು. ಕುಚ್ಚಲಕ್ಕಿ ಅನ್ನ. ಜಗಿದೆ, ಜಗಿದೆ, ದವಡೆ ನೋಯಿತು.

"ಈಗ ರುಚಿ ಹೇಗೆ ಉಂಟು?"

"ಸ್ವಲ್ಪ ಸಿಹಿ, ಸಾರ್."

"ಅನ್ನ ಸಕ್ಕರೆ ಆಗುವ ಕೆಲಸ ಬಾಯಿಯಲ್ಲೇ ಸುರು ಆಗ್ತದೆ ಪದ್ಮನಾಭ. ಹೊಟ್ಟೆಯಲ್ಲಿ ಅದು ಹುಳಿಯಲ್ಲಿ ನೆನೆದು ಗಂಜಿಯ ಹಾಗೆ ಆಗ್ತದೆ. ಮುಂದೆ ಸಣ್ಣ ಕರುಳಿನಲ್ಲಿ ಪೂರ್ತಿ ಸಕ್ಕರೆ. ನಾವು ಉಂಡದ್ದು ನಮಗೆ ಸೇರುವುದು ಅಲ್ಲಿ, ಹೊಟ್ಟೆಯಲ್ಲಿ ಅಲ್ಲ."

ಚಿತ್ರದಲ್ಲಿ ಸಣ್ಣ ಕರುಳಿನ ಒಳಗೋಡೆಯನ್ನು ಬೇರೆಯಾಗಿ, ದೊಡ್ಡದಾಗಿ ಬರೆದಿದ್ದರು. ಮೈ ಒರೆಸುವ ಬೈರಾಸಿನ ನೂಲಿನ ಹಾಗೆ ಎದ್ದು ನಿಂತ ಸಾವಿರಾರು ಎಳೆಗಳು. ಉಂಡ ಅನ್ನ, ಮೀನು, ಎಣ್ಣೆ ಎಲ್ಲವೂ ಕರಗಿ ಕರಗಿ ಕೊನೆಗೆ ಆ ಎಳೆಗಳ ಮೂಲಕ ರಕ್ತಕ್ಕೆ ಸೇರಬೇಕು. ಸೇರದೆ ಉಳಿದದ್ದರಿಂದ ದೊಡ್ಡ ಕರುಳು ನೀರು ಹೀರಿಕೊಂಡು ಹೊರಗೆ ಹಾಕುತ್ತದೆ. "ಬಾಯಿಯಿಂದ ಕೊನೆಯವರೆಗೆ ಒಂದೇ ಓಣಿ. ಅದರೊಳಗೆ ಇರುವುದು ಇನ್ನೂ ಮೈಯೊಳಗೆ ಬಂದದ್ದಲ್ಲ, ನೆನಪಿಟ್ಟುಕೋ" ಎಂದರು. ನೆನಪಿಟ್ಟುಕೊಂಡೆ. ನೆನಪಿಟ್ಟುಕೊಳ್ಳುವುದೇ ತಿಳಿವಳಿಕೆ ಎಂದು ಭಾವಿಸುವ ವಯಸ್ಸು ಅದು.

ಆ ಕಾಲದಲ್ಲಿ ನಮ್ಮ ಕಡೆ ಕೊಕ್ಕೆಹುಳದ ಕಾಟ ವಿಪರೀತ. ಬರಿಗಾಲಿನಲ್ಲಿ ಕೆಸರು ತುಳಿಯುವವರ ಪಾದದಿಂದ ಒಳಗೆ ನುಗ್ಗಿ, ಕೊನೆಗೆ ಸಣ್ಣ ಕರುಳಿನಲ್ಲಿ ಕಚ್ಚಿ ಕುಳಿತು ರಕ್ತ ಹೀರುವ ಹುಳ. ಬಿಳಿಚಿದ ಮುಖ, ಊದಿದ ಕಾಲು, ನಾಲ್ಕು ಹೆಜ್ಜೆಗೆ ಏದುಸಿರು. ಅದಕ್ಕೊಂದು ಘಾಟು ಮದ್ದು ಇತ್ತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಮ್ಮ ಎದುರಿಗೇ ಕುಡಿಯಬೇಕು. ಹಿಂದಿನ ರಾತ್ರಿ ಬರೀ ಗಂಜಿ, ಎಣ್ಣೆ ಜಿಡ್ಡು ಮುಟ್ಟಬಾರದು.

ಮುಂಡಾಜೆಯ ಬಾಬು ಎಂಬ ಕೂಲಿಯಾಳಿಗೆ ನಾನೇ ಇದನ್ನು ಎರಡು ಸಲ ಹೇಳಿ ಕಳುಹಿಸಿದ್ದೆ. ಮರುದಿನ ಅವನು ತಾಯಿಯೊಂದಿಗೆ ಬಂದ. ಮದ್ದು ಕುಡಿದ. ಅರ್ಧ ಗಂಟೆಯಲ್ಲಿ ಶೇಂದಿ ಏರಿದವನ ಹಾಗೆ ತೂರಾಡಿ ಜಗಲಿಯಲ್ಲಿ ಬಿದ್ದುಬಿಟ್ಟ. ಮೈ ತಣ್ಣಗೆ, ನಾಡಿ ಎಳೆಯಷ್ಟು ಸಣ್ಣ. ಡಾಕ್ಟರರು ಓಡಿಬಂದರು.

"ನಿನ್ನೆಯಿಂದ ಎಂತ ತಿಂದಿದ್ದಾನೆ?" ಎಂದು ತಾಯಿಯನ್ನು ಕೇಳಿದರು.

"ಗಂಜಿ ಮಾತ್ರ ದೇವರೇ. ಎಣ್ಣೆ ಮುಟ್ಟಲಿಲ್ಲ. ಮದ್ದು ಉಷ್ಣ ಅಲ್ವಾ, ಹೊಟ್ಟೆ ಸುಡಬಾರದು ಅಂತ ಬೆಳಿಗ್ಗೆ ಒಂದು ಗಿಂಡಿ ತೆಂಗಿನ ಹಾಲಿಗೆ ಬೆಲ್ಲ ಹಾಕಿ ಕೊಟ್ಟೆ."

ಎಣ್ಣೆ ಕೂಡದು ಎಂದಿದ್ದೆ. ತೆಂಗಿನ ಹಾಲು ಆ ತಾಯಿಗೆ ಎಣ್ಣೆಯಲ್ಲ, ತಂಪು. ಖಾಲಿ ಹೊಟ್ಟೆಯಲ್ಲಿ ಬಾ ಎಂದಿದ್ದೆ. ತಂಪಿಗೆ ಕುಡಿದದ್ದು ಅವಳ ಪ್ರಕಾರ ಊಟವೂ ಅಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ನಾನು ಹೇಳಿದ್ದೆನೇ ಹೊರತು ಕೇಳಿರಲಿಲ್ಲ.

ಬಾಬು ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟ. ಮತ್ತೆ ಮದ್ದಿಗೆ ಮಾತ್ರ ಬರಲೇ ಇಲ್ಲ. ಹುಳ ಅವನಲ್ಲೇ ಉಳಿಯಿತು. ಮುಂದಿನ ವರ್ಷ ಅವನು ತೀರಿಹೋದನೆಂದು ಅವನ ಊರಿನವರು ಹೇಳಿದರು. ಬಾಬು ಬಿದ್ದ ದಿನ ಸಂಜೆಯೇ ಡಾಕ್ಟರರು ನನಗೆ ಚಿತ್ರ ತೋರಿಸಿ ವಿವರಿಸಿದ್ದರು. "ಆ ಮದ್ದು ಓಣಿಯಲ್ಲೇ ಇದ್ದು ಹುಳವನ್ನು ಕೊಲ್ಲಬೇಕು, ರಕ್ತಕ್ಕೆ ಹೋಗಬಾರದು. ಜಿಡ್ಡು ಇದ್ದರೆ ಜಿಡ್ಡಿನೊಟ್ಟಿಗೆ ಅದೂ ಗೋಡೆ ದಾಟಿ ಒಳಗೆ ಹೋಗ್ತದೆ. ಕರುಳಿನಲ್ಲಿ ಒಂದು ಇನ್ನೊಂದನ್ನು ಕೈಹಿಡಿದು ಕರಕೊಂಡು ಹೋಗ್ತದೆ ಮಾರಾಯ."

ಈ ಮಾತಿನಿಂದ ನಾನು ಕಲಿಯಬೇಕಾದದ್ದು ಎರಡು. ರೋಗಿಯ ಮನೆಯವರನ್ನು ಕೇಳಬೇಕು ಎಂಬುದು ಒಂದು. ಒಂದು ಇನ್ನೊಂದನ್ನು ಒಳಗೆ ಒಯ್ಯುತ್ತದೆ ಎಂಬುದು ಇನ್ನೊಂದು. ನಾನು ಕಲಿತದ್ದು ಇವೆರಡೂ ಅಲ್ಲ. ಮನೆಯ ಹೆಂಗಸರ ಪಥ್ಯವೇ ರೋಗಿಯ ಶತ್ರು ಎಂದು ಕಲಿತೆ. ಅಲ್ಲಿಂದ ಮುಂದೆ ಅಡುಗೆಮನೆಯಿಂದ ಬಂದ ಚೆಂಬು, ತಟ್ಟೆ ಯಾವುದನ್ನು ಕಂಡರೂ ನನಗೆ ಮೈ ಉರಿಯುತ್ತಿತ್ತು.

ಬಂಟ್ವಾಳಕ್ಕೆ ವರ್ಗವಾಯಿತು. ಕೆಲವು ತಿಂಗಳ ಬಳಿಕ ಅದೇ ಡಾಕ್ಟರರೂ ಅಲ್ಲಿಗೇ ಬಂದರು, ಅವರೊಂದಿಗೆ ಆ ಚಿತ್ರವೂ. ಒಂದು ವರ್ಷ ನೇತ್ರಾವತಿ ಪೇಟೆಯೊಳಗೆ ನುಗ್ಗಿತು. ನೆರೆ ಇಳಿಯುವಾಗ ಬಾವಿಗಳಲ್ಲಿ ಕೆಸರು ಬಿಟ್ಟು ಹೋಯಿತು. ಅದರ ಹಿಂದೆಯೇ ವಾಂತಿಭೇದಿ ಬಂತು. ಡಾಕ್ಟರರು ಹೊಳೆಬದಿಯ ಊರುಗಳಿಗೆ ಚುಚ್ಚುಮದ್ದು ಕೊಡಲು ಹೋಗಿದ್ದರು. ಡಿಸ್ಪೆನ್ಸರಿಯಲ್ಲಿ ನಾನೊಬ್ಬನೇ. ರಸ್ತೆ ಕುಸಿದು ಮಂಗಳೂರಿಗೆ ಬಸ್ಸು ಇರಲಿಲ್ಲ.

ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ಒಟ್ಟಿಗೆ ಬಂದರು. ಒಂದೇ ಹಿತ್ತಿಲಿನ ಆಚೀಚೆ ಮನೆಯವರು, ಒಂದೇ ಬಾವಿಯ ನೀರು ಕುಡಿದವರು, ಇಬ್ಬರೂ ಬೀಡಿ ಕಟ್ಟಿ ಬದುಕುವವರು. ಒಬ್ಬರು ಅಪ್ಪಿಯಕ್ಕ. ಮೊಮ್ಮಗಳು ಸುಶೀಲಳನ್ನು ಸೊಂಟದಲ್ಲಿ ಎತ್ತಿಕೊಂಡಿದ್ದರು. ಮೂರು ವರ್ಷದ ಮಗು. ತಾಯಿ, ಅಪ್ಪಿಯಕ್ಕನ ಹಿರಿಯ ಮಗಳು, ಹೆರಿಗೆಯಲ್ಲೇ ತೀರಿಹೋಗಿದ್ದಳು, ತಂದೆ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಜ್ಜಿಗೆ ಮಗು, ಮಗುವಿಗೆ ಅಜ್ಜಿ. ಇನ್ನೊಬ್ಬರು ಬ್ಯಾರಿ ಹೆಂಗಸು ಐಸಮ್ಮ, ಅವರ ಸೊಂಟದಲ್ಲಿ ಅದೇ ಪ್ರಾಯದ ಮಗಳು ಜೈನಾಬಿ. ಎರಡು ಮಕ್ಕಳಿಗೂ ಹಿಂದಿನ ಸಂಜೆಯಿಂದ ವಾಂತಿಭೇದಿ. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು.

ಅವರಿಬ್ಬರೂ ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಿಳಿ ನೀರು ಮದ್ದು ಕೊಟ್ಟೆ, ಮಾತ್ರೆ ಅರೆದು ಪೊಟ್ಟಣ ಕಟ್ಟಿಕೊಟ್ಟೆ. ಆಗಿನ ಕ್ರಮದಂತೆ, ಇವತ್ತು ಇಡೀ ದಿನ ಬಾಯಿಗೆ ಏನೂ ಹಾಕಬೇಡಿ, ಕರುಳಿಗೆ ವಿಶ್ರಾಂತಿ ಬೇಕು ಎಂದೆ. ಇದು ನಾನು ಹುಟ್ಟಿಸಿದ ಕ್ರಮವಲ್ಲ. ಡಾಕ್ಟರರ ಪುಸ್ತಕದಲ್ಲೂ ಹಾಗೇ ಇತ್ತು. ಲಂಘನಂ ಪರಮೌಷಧಂ ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ಎರಡು ಕಡೆಯ ಶಾಸ್ತ್ರವೂ ನನ್ನ ಬೆನ್ನಿಗಿತ್ತು.

ಅರ್ಧ ಗಂಟೆ ಕಳೆದು ಜಗಲಿಗೆ ಬಂದು ನೋಡುತ್ತೇನೆ, ಐಸಮ್ಮ ಹೋಗಿಯಾಗಿತ್ತು, ಅಪ್ಪಿಯಕ್ಕ ಇನ್ನೂ ಅಲ್ಲೇ ಕುಳಿತಿದ್ದಾರೆ. ಮಡಿಲಲ್ಲಿ ಮಗು, ಪಕ್ಕದಲ್ಲಿ ಒಂದು ಹಿತ್ತಾಳೆ ಚೆಂಬು. ಚಮಚದಲ್ಲಿ ಏನೋ ಮಗುವಿನ ಬಾಯಿಗೆ ಬಿಡುತ್ತಿದ್ದಾರೆ.

"ಎಂತದು ಅದು?"

"ತೆಳಿ, ಕಂಪೌಂಡರೇ. ಉಪ್ಪು ಹಾಕಿದ್ದೇನೆ. ಎರಡು ಚಮಚ ಕುಡಿದಳು."

ತೆಳಿ ಎಂದರೆ ಕುಚ್ಚಲಕ್ಕಿ ಗಂಜಿಯ ತಿಳಿನೀರು. ನಮ್ಮ ಕಡೆ ಯಾವ ಮನೆಯಲ್ಲೂ ಅದಿಲ್ಲದ ದಿನ ಇಲ್ಲ.

ಅಷ್ಟರಲ್ಲಿ ಮಗು ಸ್ವಲ್ಪ ವಾಂತಿ ಮಾಡಿತು. ನನಗೆ ಬಾಬು ಬಿದ್ದದ್ದು ಕಣ್ಣೆದುರು ಬಂತು. ತಲೆ ಕೆಟ್ಟುಹೋಯಿತು. "ಈಗಷ್ಟೆ ಹೇಳಿದ್ದಲ್ವಾ? ನಿನಗೆ ಕಿವಿ ಇಲ್ವಾ? ಒಡೆದ ಕೊಡಕ್ಕೆ ನೀರು ಹೊಯ್ಯುವುದಾ?" ಎಂದು ಕೂಗಾಡಿದೆ. ಆಗ ಅವರನ್ನು ನಾನು ನೀನು ಎಂದೇ ಮಾತಾಡಿಸುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ಹಿರಿಯರಾದರೂ ಬಡವರಲ್ಲವೇ, ಜಗಲಿಯಲ್ಲಿ ಕುಳಿತವರಲ್ಲವೇ. ಅಷ್ಟಕ್ಕೇ ನಿಲ್ಲಿಸದೆ ಒಳಗಿನಿಂದ ಆ ಚಿತ್ರವನ್ನೇ ತಂದು ಅವರೆದುರು ಹಿಡಿದು, ಕರುಳು ಎಲ್ಲಿ, ಏನು ಎಂದು ಪಾಠ ಮಾಡಿದೆ. ಓದು ಬರಹ ಬಾರದ ಆ ಹೆಂಗಸು ಚಿತ್ರ ನೋಡಲಿಲ್ಲ, ಮಗುವಿನ ಮುಖ ನೋಡುತ್ತಿದ್ದರು.

"ಬಾಯಿ ಒಣಗಿದೆ ಕಂಪೌಂಡರೇ. ನೀರು ಕೇಳ್ತಾಳೆ" ಎಂದರು.

"ಕೇಳಿದರೆ ಕೊಡುವುದಾ? ನೀನು ಕೊಟ್ಟದ್ದರಿಂದಲೇ ಇದು ಹೆಚ್ಚಾದದ್ದು" ಎಂದು ಚೆಂಬನ್ನು ಎತ್ತಿಕೊಂಡು ಹೋಗಿ ಅಂಗಳಕ್ಕೆ ಚೆಲ್ಲಿದೆ. ಖಾಲಿ ಚೆಂಬನ್ನು ತಂದು ಅವರ ಎದುರು ಇಟ್ಟೆ. ಅವರು ಮಗುವಿನ ತುಟಿಯನ್ನು ಸೆರಗಿನಿಂದ ಒರೆಸಿ, ಎತ್ತಿಕೊಂಡು ಮನೆಗೆ ಹೋದರು.

ನಾನು ಹೇಳಿದಂತೆಯೇ ಮಾಡಿದರು. ಆ ದಿನವಿಡೀ ಬಾಯಿಗೆ ಒಂದು ಹನಿ ಹಾಕಲಿಲ್ಲ. ಮರುದಿನ ಹತ್ತು ಗಂಟೆಯ ಹೊತ್ತಿಗೆ ಸುಶೀಲ ತೀರಿಹೋದಳು.

ಡಾಕ್ಟರರು ಮಧ್ಯಾಹ್ನ ಹಿಂದಿರುಗಿದರು. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ನಶ್ಯದ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ, "ನೀನು ಮಾಡಿದ್ದು ಸರಿ. ನಾನಿದ್ದರೂ ಅದನ್ನೇ ಮಾಡ್ತಿದ್ದೆ" ಎಂದರು. ನೆತ್ತಿಯ ಮೇಲಿನ ಹೊರೆ ಇಳಿಸಿದ ಹಾಗಾಯಿತು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾಲ್ಕು ದಿನದ ಮೇಲೆ ಐಸಮ್ಮ ಮಗಳನ್ನು ನಡೆಸಿಕೊಂಡು ಬಂದರು. ಬಳಲಿದ ಮಗು, ಆದರೆ ಕಣ್ಣಿನಲ್ಲಿ ಜೀವ ಇತ್ತು.

"ನಿಮ್ಮ ಮಾತು ಕೇಳಲಿಲ್ಲ ಕಂಪೌಂಡರೇ, ಬೈಯಬೇಡಿ. ಕಾರಿದರೂ ಬಿಡದೆ ಉಪ್ಪು ಹಾಕಿದ ತೆಳಿ ಚಮಚದಲ್ಲಿ ಕೊಡ್ತಾ ಇದ್ದೆ. ಅಪ್ಪಿಯಕ್ಕನಿಗೂ ಹೇಳಿದೆ. ಅವರು ಕೇಳಲಿಲ್ಲ. ಕಲಿತವರ ಮಾತು ಮೀರಬಾರದು ಅಂದರು."

ನಾನು ಬೈದೇ ಬೈದೆ. ನಿನ್ನ ಅದೃಷ್ಟ ಚೆನ್ನಾಗಿತ್ತು, ಇನ್ನು ಹೀಗೆ ಮಾಡಬೇಡ ಎಂದೆ. ಒಂದೇ ಬಾವಿ, ಒಂದೇ ಪ್ರಾಯ, ಒಂದೇ ಮದ್ದು. ಒಂದು ಮಗು ನನ್ನ ಮಾತು ಕೇಳಿದ ಮನೆಯದು, ಇನ್ನೊಂದು ಕೇಳದ ಮನೆಯದು. ಬದುಕಿದ ಮಗು ಎದುರು ನಿಂತಿದ್ದಾಗಲೂ ನಾನು ಅದನ್ನು ಅದೃಷ್ಟ ಎಂದೆ. ಕಣ್ಣಿದ್ದೂ ಕುರುಡ ಎನ್ನುವುದು ಇಂಥವರಿಗೇ ಇರಬೇಕು.

ಅಲ್ಲಿಂದ ವರ್ಷಗಳು ಕಳೆದವು. ಜಿಲ್ಲೆ ಮೈಸೂರಿಗೆ ಸೇರಿಯಾಗಿತ್ತು. ಕಲಸುವ ಮದ್ದುಗಳು ಒಂದೊಂದಾಗಿ ಹೋಗಿ ಕಂಪೆನಿಯ ಮಾತ್ರೆಗಳು ಬಂದವು. ಕಾಗದಕ್ಕೆ ಕಚ್ಚು ಮಾಡುವ ಕತ್ತರಿ ತುಕ್ಕು ಹಿಡಿಯಿತು. ಡಾಕ್ಟರರು ನಿವೃತ್ತರಾಗುವಾಗ ಆ ಚಿತ್ರವನ್ನು ನನಗೆ ಕೊಟ್ಟು ಹೋದರು. ಮೂಡಬಿದ್ರೆಗೆ ಬಂದಾಗ ಅಲ್ಲಿಯ ಗೋಡೆಗೂ ಅದನ್ನು ಹಾಕಿದೆ. ಭೇದಿಯ ಮಕ್ಕಳು ಅಲ್ಲಿಗೂ ಬರುತ್ತಿದ್ದರು. ಅಲ್ಲಿಯೂ ನಾನು ಅದೇ ಮಾತು ಹೇಳುತ್ತಿದ್ದೆ. ಅವರಲ್ಲಿ ಎಷ್ಟು ಮಂದಿ ನನ್ನ ಮಾತು ಕೇಳಿದರೋ, ಎಷ್ಟು ಮಂದಿ ಪುಣ್ಯಕ್ಕೆ ಕೇಳಲಿಲ್ಲವೋ ತಿಳಿಯದು. ಆ ಲೆಕ್ಕ ಮೇಲಿನವನಿಗೇ ಇರಲಿ.

ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ನಮ್ಮನ್ನೆಲ್ಲ ಒಂದು ದಿನದ ತರಬೇತಿಗೆ ಕರೆದರು. ನನ್ನ ಮಗಳ ಪ್ರಾಯದ ಡಾಕ್ಟರಮ್ಮ ಒಂದು ಸಣ್ಣ ಪೊಟ್ಟಣ ತೋರಿಸಿದರು. ಅದರಲ್ಲಿದ್ದದ್ದು ಸಕ್ಕರೆಯ ಜಾತಿಯದೊಂದು, ಉಪ್ಪು, ಮತ್ತೆರಡು ಪುಡಿ. ಭೇದಿಯಾಗುವ ಮಗು ಸಾಯುವುದು ಹೆಚ್ಚಾಗಿ ಮೈಯ ನೀರು ಬತ್ತಿ ಎಂದರು. ಬರೀ ನೀರು ಕೊಟ್ಟರೆ ಕೆಟ್ಟ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ಆದರೆ ಸಕ್ಕರೆಯೂ ಉಪ್ಪೂ ಒಟ್ಟಿಗೆ ಬಂದರೆ ಕರುಳಿನ ಗೋಡೆಯಲ್ಲಿ ಅವೆರಡಕ್ಕೂ ಸೇರಿ ಒಂದು ಬಾಗಿಲು ಉಂಟು, ಎಂಥ ಭೇದಿಯಲ್ಲೂ ಅದು ಮುಚ್ಚುವುದಿಲ್ಲ. ಅವು ಒಳಗೆ ಹೋಗುವಾಗ ನೀರೂ ಅವುಗಳ ಹಿಂದೆಯೇ ಹೋಗುತ್ತದೆ. ಒಂದು ಇನ್ನೊಂದನ್ನು ಕರೆದುಕೊಂಡು ಹೋಗುತ್ತದೆ.

ನಾನು ಕೈ ಎತ್ತಿ, "ಪೊಟ್ಟಣ ಇಲ್ಲದಿದ್ದರೆ?" ಎಂದೆ.

"ನಿಮ್ಮ ಮನೆಯ ಗಂಜಿ ತೆಳಿಗೆ ಉಪ್ಪು ಹಾಕಿ ಕೊಡಿ. ಕಾರಿದರೆ ಸ್ವಲ್ಪ ಬಿಟ್ಟು ಮತ್ತೆ ಚಮಚದಲ್ಲಿ ಕೊಡಿ. ಅನ್ನದ ಹಿಟ್ಟು ಕರುಳಿನಲ್ಲಿ ಸಕ್ಕರೆ ಆಗ್ತದಲ್ಲ" ಎಂದರು.

ಅನ್ನ ಸಕ್ಕರೆಯಾಗುವುದನ್ನು ನನ್ನ ನಾಲಿಗೆಯೇ ಕಂಡಿತ್ತು. ಒಂದು ಇನ್ನೊಂದನ್ನು ಒಳಗೆ ಒಯ್ಯುವುದನ್ನು ಬಾಬುವಿನ ಮೈಯಲ್ಲಿ ಕಂಡಿದ್ದೆ. ಉಪ್ಪು ಚೆಂಬಿನಲ್ಲಿತ್ತು. ಮೂರೂ ನನ್ನ ಹತ್ತಿರವೇ ಇದ್ದವು. ತೆಳಿ ಕೊಟ್ಟಿದ್ದರೆ ಆ ಮಗು ಖಂಡಿತ ಉಳಿಯುತ್ತಿತ್ತು ಎಂದು ಹೇಳಲಾರೆ. ಉಳಿಯುವ ದಾರಿಯೊಂದಿತ್ತು, ಅದನ್ನು ನಾನು ಅಂಗಳಕ್ಕೆ ಚೆಲ್ಲಿದೆ ಎಂದು ಮಾತ್ರ ಹೇಳಬಲ್ಲೆ.

ಅಪ್ಪಿಯಕ್ಕನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಒಂದು ವರ್ಷ ಕಳೆದೆ. ಮುಚ್ಚಿದ ಗಾಯ ಯಾಕೆ ಕೆದಕುವುದು ಎಂದು ಒಮ್ಮೆ ಅನಿಸುತ್ತಿತ್ತು. ಹೇಳದಿರುವುದು ನನ್ನ ಅನುಕೂಲಕ್ಕೇ ಎಂದು ಇನ್ನೊಮ್ಮೆ ಅನಿಸುತ್ತಿತ್ತು. ನಿವೃತ್ತನಾದ ತಿಂಗಳಲ್ಲೇ ಬಂಟ್ವಾಳದ ಬಸ್ಸು ಹತ್ತಿದೆ. ಅವರು ಅದೇ ಮನೆಯಲ್ಲಿ ಕಿರಿಯ ಮಗಳ ಜೊತೆಗಿದ್ದರು. ಜಗಲಿಯಲ್ಲಿ ಕುಳಿತು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಕಣ್ಣು ಮಂಜಾಗಿತ್ತು, ಬೆರಳಿಗೆ ಮಾತ್ರ ಅಭ್ಯಾಸ ತಪ್ಪಿರಲಿಲ್ಲ.

"ಯಾರು?"

"ಹಿಂದೆ ಇಲ್ಲಿ ಕಂಪೌಂಡರ್ ಆಗಿದ್ದೆ."

"ಗೊತ್ತಾಯಿತು. ಸುಶೀಲಳಿಗೆ ಮದ್ದು ಕೊಟ್ಟವರು. ಕುಳಿತುಕೊಳ್ಳಿ." ಮಗಳನ್ನು ಕರೆದು ನನಗೆ ಬೆಲ್ಲ ನೀರು ಕೊಡಲು ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾತು ತೆಗೆದರು. "ನೀವು ಅಂದು ಹೇಳಿದ್ದು ಮರೆಯಲಿಲ್ಲ ಕಂಪೌಂಡರೇ. ಆಮೇಲೆ ಯಾರಿಗೂ ನಾನು ತೆಳಿ ಕೊಟ್ಟದ್ದಿಲ್ಲ. ಇವಳ ಮಕ್ಕಳಿಗೆ ಜ್ವರ ಬಂದರೂ ಇವಳೇ ಕೊಡಬೇಕು. ನನ್ನ ಕೈಯಿಂದಲೇ ಅಲ್ವಾ ಅವಳಿಗೆ ಹೆಚ್ಚಾದದ್ದು. ಎರಡು ಚಮಚ ಕೊಟ್ಟು ನಾನೇ ಕೊಂದೆ."

ತರಬೇತಿಯ ದಿನದಿಂದ ನಾನು ಚೆಲ್ಲಿದ ಚೆಂಬನ್ನಷ್ಟೇ ನೆನೆಯುತ್ತಿದ್ದೆ. ಚೆಲ್ಲುವ ಮೊದಲು ಆಡಿದ ಆ ಒಂದು ಮಾತು, ನೀನು ಕೊಟ್ಟದ್ದರಿಂದಲೇ ಹೆಚ್ಚಾದದ್ದು ಎಂಬುದು, ನನಗೆ ಮರೆತೇ ಹೋಗಿತ್ತು. ಅವರು ಅದನ್ನೇ ಹೊತ್ತುಕೊಂಡು ಬದುಕಿದ್ದರು. ಅಳು ಬಂತು, ತಡೆಯಲು ಆಗಲಿಲ್ಲ.

"ಇಲ್ಲ ಅಕ್ಕ. ತಪ್ಪು ನಿಮ್ಮದಲ್ಲ, ನನ್ನದು. ನೀವು ಕೊಟ್ಟದ್ದೇ ಸರಿಯಾದ ಮದ್ದು. ಈಗ ಸರಕಾರದವರೇ ಅದನ್ನು ಕೊಡಿ ಅಂತ ಹೇಳ್ತಾರೆ" ಎಂದೆ. ಉಪ್ಪಿನ ವಿಷಯ, ಅನ್ನ ಸಕ್ಕರೆಯಾಗುವ ವಿಷಯ, ಕರುಳಿನ ಬಾಗಿಲಿನ ವಿಷಯ, ಬಂದ ಹಾಗೆ ಹೇಳಿದೆ. ಈ ಸಲ ಚಿತ್ರ ತಂದಿರಲಿಲ್ಲ.

ಅವರು ಸುತ್ತುವುದನ್ನು ನಿಲ್ಲಿಸಿ ಕೇಳಿದರು. ಕೊನೆಗೆ, "ಹಾಗಾದರೆ ಆ ಎರಡು ಚಮಚ ಅವಳಿಗೆ ಒಳ್ಳೆಯದೇ ಮಾಡಿತ್ತಾ?" ಎಂದರು.

"ಒಳ್ಳೆಯದೇ ಮಾಡಿತ್ತು ಅಕ್ಕ."

ಅವರ ಮುಖ ಒಂದು ಗಳಿಗೆ ಹಗುರಾಯಿತು. ನಾನು ಬಂದದ್ದು ಸಾರ್ಥಕ ಎಂದುಕೊಂಡೆ. ಅಷ್ಟರಲ್ಲಿ ಮುಖ ಮತ್ತೆ ಕಪ್ಪಿಟ್ಟಿತು.

"ಹಾಗಾದರೆ ಉಳಿದದ್ದನ್ನು ಯಾಕೆ ಚೆಲ್ಲಿದಿರಿ?"

"ಗೊತ್ತಿರಲಿಲ್ಲ ಅಕ್ಕ."

"ನನಗೆ ಗೊತ್ತಿತ್ತಲ್ಲ, ಕಂಪೌಂಡರೇ" ಎಂದರು. ಮತ್ತೆ ತಲೆ ತಗ್ಗಿಸಿ ಬೀಡಿ ಸುತ್ತತೊಡಗಿದರು.